ಮೂರನೇ ಮನೆಯ ಹಿಂದಿನ ಗೋಡೆ

ಇದನ್ನು ಹೇಳುವುದನ್ನು ನಾನು ವರ್ಷಗಳಿಂದ ಮುಂದಕ್ಕೆ ತಳ್ಳುತ್ತಲೇ ಬಂದಿದ್ದೇನೆ. ಹೆಂಡತಿ ಬದುಕಿದ್ದಷ್ಟು ದಿನ, ಅವಳೆದುರು ಮತ್ತೆ ಆ ಮಾತು ಬೇಡ ಎಂದುಕೊಂಡೆ. ಅವಳು ಹೋದ ಮೇಲೆ, ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ. ಅದೂ ಮುಗಿಯಿತು. ಈಗ ಅಕ್ಷರ ಕಾಣುತ್ತದೆ, ಕೈ ನಡುಗುವುದಿಲ್ಲ, ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಬಾಡಿಗೆ ಮನೆಯ ಹುಡುಗನೊಬ್ಬ, ಉತ್ತರದ ಕಡೆಯವನು, ಬಾಗಿಲಿಗೆ ಬಂದ. ಸ್ವಿಚ್ ಬೋರ್ಡ್ ಇರುವ ಗೋಡೆ ಒದ್ದೆಯಾಗಿದೆ, ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ತನ್ನ ಮುರುಕು ಭಾಷೆಯಲ್ಲಿ ಹೇಳಿದ. ಈಗ ಮನೆಗಳನ್ನು ನೋಡಿಕೊಳ್ಳುವವನು ನನ್ನ ಮಗ. ಅವನು ಟಿವಿಯಿಂದ ಕಣ್ಣು ತೆಗೆಯದೆ, ಮಳೆ ನಿಲ್ಲಲಿ, ಆಮೇಲೆ ನೋಡೋಣ ಎಂದ. ಹುಡುಗ ಹೋಗಲು ತಿರುಗಿದ. ನಾನು ಎದ್ದು ನಿಂತು, ಈಗಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡು, ಇಲ್ಲವಾದರೆ ನಾನೇ ಆ ಮನೆಯಲ್ಲಿ ಹೋಗಿ ಮಲಗುತ್ತೇನೆ ಎಂದೆ.

"ನಿಮ್ಗ್ಯಾಕಪ್ಪ ಇಷ್ಟು ಅವಸರ?" ಎಂದು ಮಗ ನಕ್ಕ.

ಆಗ ಫೋನ್ ಮಾಡಿಸಿದೆ, ಅಷ್ಟೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದಲಿ, ಅವನ ಮಕ್ಕಳು ಓದಲಿ. ಮನೆ ಕಟ್ಟಿ ಬಾಡಿಗೆಗೆ ಕೊಡುವ ಯಾರಾದರೂ ಓದಲಿ. ಮುಗಿಸುವವರೆಗೆ ಏಳುವುದಿಲ್ಲ ಎಂದು ಕೂತಿದ್ದೇನೆ.

ನಾನು ತಮಿಳುನಾಡಿನ ಗಡಿಗೆ ಸೇರಿದ ಬೇರಿಕೆ ಕಡೆಯವನು. ಹತ್ತನೇ ತರಗತಿ ಪಾಸಾಗಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಸ್ಟೋರಿನ ಕೆಲಸಕ್ಕೆ ಸೇರಿದವನು. ಕೃಷ್ಣಗಿರಿ ಹೊಸ ಜಿಲ್ಲೆಯಾದ ಸುಮಾರಿಗೆ ಕಾರ್ಖಾನೆಯವರು ಹಳಬರನ್ನು ದುಡ್ಡು ಕೊಟ್ಟು ಮನೆಗೆ ಕಳಿಸಿದರು. ಆ ದುಡ್ಡಿನಲ್ಲಿ ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ನನ್ನ ಸೈಟಿನ ಹಿಂಭಾಗದಲ್ಲಿ ಒಂದೇ ಸಾಲಿಗೆ ಆರು ಮನೆ ಕಟ್ಟಿಸಿದೆ. ಮನೆ ಎಂದರೆ ಒಂದು ಕೋಣೆ, ಅದರ ಹಿಂದೆ ಕೈಕಾಲು ಚಾಚಲಾಗದ ಅಡಿಗೆಮನೆ, ಮೇಲೆ ಸಿಮೆಂಟ್ ಶೀಟು. ಕೊನೆಯಲ್ಲಿ ಎಲ್ಲರಿಗೂ ಸೇರಿ ಎರಡು ಬಚ್ಚಲು. ಅಂಥ ಸಾಲಿಗೆ ನಮ್ಮಲ್ಲಿ ಲೈನ್ ಮನೆ ಎನ್ನುತ್ತಾರೆ. ಕಾರ್ಖಾನೆಗಳಿಗೆ ಜನ ಬರುತ್ತಲೇ ಇದ್ದ ಕಾಲ. ಸುಣ್ಣ ಒಣಗುವ ಮೊದಲೇ ಆರೂ ತುಂಬಿದವು.

ಒಂದು ಸಂಗತಿ ನನಗೆ ಮತ್ತು ಮೇಸ್ತ್ರಿಗೆ ಮಾತ್ರ ಗೊತ್ತಿತ್ತು. ಮುಂದಿನ ಗೋಡೆಗಳಿಗೆ ಸಿಮೆಂಟು ಹಾಕಿಸಿದ್ದೆ. ಹಿಂದಿನ ಗೋಡೆಯನ್ನು ಮಣ್ಣಿನಲ್ಲೇ ಕಟ್ಟಿಸಿ, ಮೇಲೆ ತೆಳ್ಳಗೆ ಸಿಮೆಂಟ್ ಸವರಿಸಿದ್ದೆ. ಮೇಸ್ತ್ರಿ, "ಇದ್ರ ಮ್ಯಾಲೆ ಭಾರ ಬೀಳಬಾರ್ದು ನೋಡಿ" ಎಂದಿದ್ದ. ಹೂಂ ಎಂದಿದ್ದೆ. ಮರುವರ್ಷ ನೀರು ಸಾಲದಾದಾಗ ಮೂರನೇ ಮನೆಯ ಅಡಿಗೆಮನೆಯ ಹಿಂದೆ ಗಿಡ್ಡ ಗೋಡೆಯೊಂದನ್ನು ಎಬ್ಬಿಸಿ, ಅದಕ್ಕೂ ಹಿಂದಿನ ಗೋಡೆಗೂ ಕಲ್ಲಿನ ಚಪ್ಪಡಿ ಅಡ್ಡ ಹಾಕಿಸಿ, ಮೇಲೆ ದೊಡ್ಡ ಕಪ್ಪು ಟ್ಯಾಂಕ್ ಕೂರಿಸಿದೆ. ಬೇರೆ ಕಂಬ ನಿಲ್ಲಿಸುವ ಖರ್ಚು ಉಳಿಯಿತು. ತುಂಬಿ ಚೆಲ್ಲುವ ನೀರು ಗೋಡೆಯ ಮೇಲೇ ಇಳಿಯುತ್ತಿತ್ತು.

ಮೂರನೇ ಮನೆಯಲ್ಲಿ ಇದ್ದವರು ಮಳವಳ್ಳಿ ಕಡೆಯ ಗಂಡಹೆಂಡಿರು. ಗಂಡನಿಗೆ ಫೌಂಡ್ರಿಯಲ್ಲಿ ಕೆಲಸ. ಅದನ್ನು ಕೊಡಿಸಿದವನು ನಾನೇ ಆದ್ದರಿಂದ ಅವನು ನನ್ನೆದುರು ತಲೆ ಎತ್ತಿ ಮಾತಾಡುತ್ತಿರಲಿಲ್ಲ. ಹೆಂಡತಿ ಹಾಗಲ್ಲ. ಸಣ್ಣ ಹುಡುಗಿ, ಮೊದಲ ಬಸುರಿ, ತಾಯಿ ಇಲ್ಲದವಳು. ಬಾಣಂತನ ಮಾಡಲು ತವರಿಲ್ಲ ಎಂದು ಅತ್ತೆಯೇ ಊರಿನಿಂದ ಬಂದು ಜೊತೆಯಲ್ಲಿದ್ದಳು.

ಆಷಾಢದ ಒಂದು ಬೆಳಿಗ್ಗೆ ಆ ಹುಡುಗಿ ನಮ್ಮ ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಬೋರಿನ ಹತ್ತಿರ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

"ಯಜಮಾನ್ರೇ, ಒಸಿ ಬಂದು ನೋಡ್ತೀರಾ? ಅಡಿಗೆಮನೆ ಗೋಡೆ ಹೊಟ್ಟೆ ಬುಟ್ಕಂಡೈತೆ."

"ಹೊಟ್ಟೆ ಬುಟ್ಕೊಂಡಿರೋದು ಗೋಡೆನೋ ನೀನೋ ಸರಿಯಾಗಿ ನೋಡಮ್ಮ" ಎಂದೆ.

ಹೆಂಗಸರು ನಕ್ಕರು. ಅವಳು ನಗಲಿಲ್ಲ.

"ನನ್ ಹೊಟ್ಟೆಗೆ ತಿಂಗ್ಳು ಲೆಕ್ಕ ಐತೆ ಯಜಮಾನ್ರೇ. ನಿಮ್ ಗೋಡೆಗೆ ಐತಾ?"

ಈಗ ಹೆಂಗಸರು ಇನ್ನೂ ಜೋರಾಗಿ ನಕ್ಕರು. ನನಗೆ ಮುಖ ಉರಿಯಿತು. ಹೋಗಿ ನೋಡಿದೆ. ಗೋಡೆ ನಿಜಕ್ಕೂ ಒಳಕ್ಕೆ ಉಬ್ಬಿತ್ತು. ಸವರಿದ ಸಿಮೆಂಟು ಬಿರುಕು ಬಿಟ್ಟು, ಒಳಗಿನ ಮಣ್ಣು ಒದ್ದೆಯಾಗಿ ಕಾಣುತ್ತಿತ್ತು. ಅದರ ಬುಡದಲ್ಲೇ ಅವಳ ಒಲೆ. ಏನಾಗುತ್ತಿದೆ ಎಂಬುದು ನೋಡಿದ ಕೂಡಲೇ ಅರ್ಥವಾಯಿತು. ಅದನ್ನು ಇಲ್ಲಿ ಒತ್ತಿ ಬರೆಯಬೇಕು, ಏಕೆಂದರೆ ಆಮೇಲೆ ಎಲ್ಲರ ಹತ್ತಿರವೂ ಗೊತ್ತಿರಲಿಲ್ಲ ಎಂದೇ ಹೇಳಿದ್ದೇನೆ.

ಟ್ಯಾಂಕ್ ಇಳಿಸಿ, ಗೋಡೆ ಬಿಚ್ಚಿ, ಮತ್ತೆ ಕಟ್ಟಬೇಕಿತ್ತು. ಅಷ್ಟು ದಿನ ಆರೂ ಮನೆಗೆ ನೀರಿಲ್ಲ, ಒಂದು ಮನೆ ಖಾಲಿ. ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು ಇದು:

"ಬಸ್ರಿ ಇರೋ ಮನೇಲಿ ಗೋಡೆ ಒಡೀಬಾರ್ದು ಕಣಮ್ಮ. ಹಾರೆ, ಗುದ್ದಲಿ ಮುಟ್ಟಿಸಬಾರ್ದು. ಹೆರಿಗೆ ಆಗ್ಲಿ. ಆಮೇಲೆ ಮಾಡಿಸ್ತೀನಿ."

ನಮ್ಮ ಕಡೆ ಈ ನಂಬಿಕೆ ಇರುವುದು ನಿಜ. ಬಸುರಿ ಇರುವ ಮನೆಯಲ್ಲಿ ಪಾಯ ತೋಡುವುದಿಲ್ಲ, ಬಾಗಿಲು ಕೀಳುವುದಿಲ್ಲ. ಮಳವಳ್ಳಿಯಲ್ಲೂ ಅದು ಇತ್ತೆಂದು ಕಾಣುತ್ತದೆ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೂಡಲೇ ತಲೆದೂಗಿದಳು.

"ಸುಮ್ಕಿರಮ್ಮಿ. ತಮ್ಮಯ್ಯ ಹೇಳಾದು ಸರಿಯಾಗೈತೆ. ನಮ್ಮೂರಲ್ಲೂ ಹಾರೆ ಹಾಕಕಿಲ್ಲ. ಹಿರೀಕರು ಅಂದ್ರೆ ಹಿಂಗಿರ್ಬೇಕು, ಬಾಡ್ಗೆಯೋಳ ಬಸ್ರಿಗೂ ಯೋಚ್ನೆ ಮಾಡ್ತಾರೆ ನೋಡು."

"ಗೋಡೆ ತಾನಾಗೇ ಒಡ್ಕಂಡ್ ಬಿದ್ರೆ ಪರ್ವಾಗಿಲ್ವಾ ಅತ್ತೆ?"

"ಬಾಯಿ ಮುಚ್ಚು. ಮುಸ್ಸಂಜೆ ಹೊತ್ತಲ್ದಿದ್ರೂ ಅಂಥ ಮಾತು ಆಡ್ಬಾರ್ದು."

ಸೊಸೆಯ ಬಾಯಿ ಮುಚ್ಚಿಸಲು ನಾನು ಬೇಕಾಗಲಿಲ್ಲ. ಸಮಾಧಾನದಿಂದ ಹೊರಗೆ ಬಂದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ನಿಮ್ಮ ಮಗಳು ಬಸ್ರಿ ಇದ್ದಾಗ ಬಚ್ಚಲ ಗೋಡೆ ಒಡೆಸಿ ಕಿಟಕಿ ಇಡಿಸಿದ್ರಲ್ಲ, ಹೊಗೆ ಕುಡಿತಾಳೆ ಅಂತ. ಆವತ್ತು ಶಾಸ್ತ್ರ ಬೇರಿಕೆ ಸಂತೆಗೆ ಹೋಗಿತ್ತಾ?"

"ಅದು ನಮ್ಮನೆ" ಎಂದೆ.

"ಇದ್ಯಾರ್ ಮನೆ?" ಎಂದಳು. ನಾನು ಎದ್ದು ಹೋದೆ.

ಆ ಹುಡುಗಿ ಬೇರೆ ಮನೆ ಹುಡುಕಿದಳು. ಸಿಗಲಿಲ್ಲ, ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊಟ್ಟೆ ನೋಡಿದ ಕೂಡಲೇ ಮನೆಯವರು, ಹೆರಿಗೆ ಮೈಲಿಗೆ ನಮ್ಮಲ್ಲಿ ಬೇಡ, ಮುಗಿಸಿಕೊಂಡು ಬಾ ಎನ್ನುತ್ತಿದ್ದರು. ಅತ್ತೆಗೂ ಬಸುರಿಯನ್ನು ಮನೆ ಬದಲಾಯಿಸಲು ಮನಸ್ಸಿರಲಿಲ್ಲ. ಒಡೆಯಲೂ ಆಗದ, ಬಿಡಲೂ ಆಗದ ಗೋಡೆಯ ಕೆಳಗೆ ಆಕೆ ದಿನಾ ಮುದ್ದೆ ತೊಳಸಬೇಕಿತ್ತು.

ಆದರೆ ಅವಳು ಸುಮ್ಮನಾಗುವ ಜಾತಿಯಲ್ಲ. ಪಂಚಾಯಿತಿ ಆಫೀಸಿಗೆ ಹೋದಳು. ನನ್ನ ಗ್ರಹಚಾರವೋ ಅವಳದೋ, ನಾನು ಅದೇ ಹೊತ್ತಿಗೆ ಮನೆ ತೆರಿಗೆ ಕಟ್ಟಲು ಅಲ್ಲಿದ್ದೆ. ಗುಮಾಸ್ತ ಸೇಲಂ ಕಡೆಯಿಂದ ಹೊಸದಾಗಿ ಬಂದವನು, ಕನ್ನಡ ಒಂದಕ್ಷರ ತಿಳಿಯದು. ಅವಳಿಗೆ ತಮಿಳು ಬಾರದು. ನನ್ನ ಕಡೆ ಬೆನ್ನು ಮಾಡಿ ನಿಂತಿದ್ದ ಅವಳು ಒಂದೇ ಉಸಿರಿಗೆ ಹೇಳಿದಳು:

"ಗೋಡೆ ಮ್ಯಾಲೆ ಟ್ಯಾಂಕು ಮಡಗವ್ರೆ. ಗೋಡೆ ಬಾಗೈತೆ. ನಾನು ಅದ್ರ ಬುಡದಲ್ಲೇ ಒಲೆ ಮುಂದೆ ಕೂತ್ಕತೀನಿ. ಯಾರಾರ ಬಂದು ನೋಡಿ. ಬಿದ್ರೆ ಯಾರು ಜವಾಬ್ದಾರಿ ಅಂತ ಓನರ್ ಕೈಲಿ ಬರ್ಸ್ಕೊಡಿ."

ಗುಮಾಸ್ತ ನನ್ನ ಕಡೆ ನೋಡಿ, "ಎನ್ನ ಸೊಲ್ರಾಂಗ?" ಎಂದ. ಈಕೆ ಏನು ಹೇಳುತ್ತಾಳೆ ಎಂದು. ನಾನು ಕನ್ನಡದವನು, ತಮಿಳೂ ಬಲ್ಲವನು. ಅಂಥ ಕಡೆ ನಮ್ಮಂಥವರನ್ನೇ ಕೇಳುವುದು ವಾಡಿಕೆ. ನೂರಾರು ಸಲ ಜನರಿಗೆ ಹಾಗೆ ಸಹಾಯ ಮಾಡಿದ್ದೇನೆ. ಆ ದಿನ ತಮಿಳಿನಲ್ಲಿ, ಅಡಿಗೆಮನೆ ಗೋಡೆಗೆ ಸ್ವಲ್ಪ ತೇವ ಬಂದಿದೆಯಂತೆ, ಹೆರಿಗೆಯಾದ ಮೇಲೆ ಓನರು ಸರಿಮಾಡಿಸುತ್ತೇನೆ ಎಂದಿದ್ದಾರಂತೆ, ಮರೆಯದೆ ಮಾಡಿಸಲಿ ಎನ್ನುತ್ತಾಳೆ ಎಂದೆ. ಗುಮಾಸ್ತ ನಕ್ಕು, ಆಗಲಿ ಆಗಲಿ ಎಂದು ಕೈ ಆಡಿಸಿದ.

ಅವಳು ತಿರುಗಿ ನೋಡಿದಳು. ಮಾತು ತಿಳಿಯದಿದ್ದರೂ ಅಳತೆ ತಿಳಿದಿತ್ತು.

"ನಾನು ಅಷ್ಟುದ್ದ ಹೇಳಿದ್ದು, ನೀವು ಇಷ್ಟಕ್ಕೆ ಮುಗಿಸ್ಬುಟ್ರಲ್ಲ ಯಜಮಾನ್ರೇ. ತಮಿಳು ಅಷ್ಟು ಸಣ್ಣ ಭಾಷೆನಾ?"

ಅಂದಿನಿಂದ ಅವಳು ಬೀದಿಯ ಕೊನೆಯಲ್ಲಿ ಹೂ ಮಾರುವವಳ ಹತ್ತಿರ ಕೂತು ತಮಿಳು ಕಲಿಯತೊಡಗಿದಳು. ಅದನ್ನು ನೋಡಿ ನಾನು ನಕ್ಕೆ. ಗೋಡೆಗೂ ತಮಿಳು ಕಲಿಸುತ್ತಾಳೇನೋ ಎಂದು ಹೆಂಡತಿಯ ಹತ್ತಿರ ತಮಾಷೆ ಮಾಡಿದೆ.

ಮಳೆ ಶುರುವಾಯಿತು. ಒಂದು ಭಾನುವಾರ ಆ ಹುಡುಗಿ ಆರೂ ಮನೆಯವರನ್ನು ಬೋರಿನ ಹತ್ತಿರ ಸೇರಿಸಿದಳು. ಗೋಡೆ ಮುಟ್ಟಬಾರದು ಎಂದರೆ ಮುಟ್ಟುವುದು ಬೇಡ, ಅದರ ಮೇಲಿನ ಭಾರವನ್ನಾದರೂ ಇಳಿಸೋಣ ಎಂದಳು. ಟ್ಯಾಂಕಿನ ನೀರು ಬಿಟ್ಟುಬಿಡುವುದು. ಹೆರಿಗೆಯಾಗುವ ತನಕ ಎಲ್ಲರೂ ಬೋರಿನಿಂದಲೇ ಕೊಡದಲ್ಲಿ ಹೊರುವುದು. ನಾನು ಜಗಲಿಯಲ್ಲಿ ಪೇಪರ್ ಓದುವವನಂತೆ ಕೂತು ಕೇಳುತ್ತಿದ್ದೆ. ಯಾರೂ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಉಳಿದ ಐದು ಮನೆಯವರು ತಮ್ಮ ಮನೆಯ ನಲ್ಲಿಯನ್ನು ಇನ್ನೊಬ್ಬಳ ಗೋಡೆಗಾಗಿ ಬಿಡುವುದುಂಟೆ?

ಕೊನೆಯ ಮನೆಯಲ್ಲಿ ಶಿಫ್ಟಿಗೆ ಹೋಗುವ ನಾಲ್ಕು ಹುಡುಗರಿದ್ದರು. ಅವರಲ್ಲೊಬ್ಬ ಮೊದಲು ಕೈ ಎತ್ತಿದ. "ನಮ್ದೇನ್ ತಕರಾರಿಲ್ಲ ಅಕ್ಕ. ನಾವು ಸ್ನಾನನೇ ಮಾಡಕಿಲ್ಲ."

"ಅದು ನಾಲ್ಕು ಮನೆ ಆಚೆಯಿಂದ್ಲೇ ಗೊತ್ತಾಯ್ತದೆ ಕಣ್ಲಾ" ಎಂದಳು ಎರಡನೇ ಮನೆಯವಳು.

ನಗು ಮುಗಿಯುವಷ್ಟರಲ್ಲಿ ಒಪ್ಪಿಗೆಯೂ ಆಗಿತ್ತು. ಹುಡುಗರೇ ಏಣಿ ಹತ್ತಿ ಕೆಳಗಿನ ವಾಲ್ವ್ ಬಿಚ್ಚಿದರು. ನೀರೆಲ್ಲ ಚರಂಡಿಗೆ ಹರಿಯಿತು. ನಾನು ಎದ್ದುಹೋಗಿ ತಡೆಯಲಿಲ್ಲ. ಅಷ್ಟು ಜನ ಒಟ್ಟಿಗೆ ನಿಂತದ್ದು ಅದೇ ಮೊದಲು ನೋಡಿದ್ದೆ.

ಆ ಏರ್ಪಾಡು ತಿಂಗಳ ಮೇಲೆ ನಡೆಯಿತು. ರಾತ್ರಿ ಶಿಫ್ಟ್ ಮುಗಿಸಿ ಬಂದ ಹುಡುಗರು ಮಲಗುವ ಮುನ್ನ ಮೂರನೇ ಮನೆಗೆ ಎರಡು ಕೊಡ ಇಟ್ಟು ಹೋಗುತ್ತಿದ್ದರು, ಬಸುರಿ ಹೊರಬಾರದೆಂದು. ಅತ್ತೆ ಮಾತ್ರ ಗೊಣಗುತ್ತಿದ್ದಳು. "ತಮ್ಮಯ್ಯ ಏನಂದ್ಕತಾರೋ. ಮನೆ ಕೊಟ್ಟೋರ ಮ್ಯಾಲೆ ಹಿಂಗೆಲ್ಲ ಮಾಡ್ಬಾರ್ದು." ನಾನು ಹಾದುಹೋಗುವಾಗ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸೊಸೆಯ ಪರವಾಗಿ ಕಣ್ಣಿನಲ್ಲೇ ಕ್ಷಮೆ ಕೇಳುವವಳಂತೆ.

ಹೀಗೇ ಇದ್ದಿದ್ದರೆ ಮಗು ಹುಟ್ಟುತ್ತಿತ್ತು, ನಾನು ಬಯ್ದುಕೊಂಡಾದರೂ ಗೋಡೆ ಕಟ್ಟಿಸುತ್ತಿದ್ದೆ. ಆದರೆ ಬೇರಿಕೆಯಿಂದ ನನ್ನ ಷಡ್ಡಕ ಒಂದು ಮಧ್ಯಾಹ್ನ ಊಟಕ್ಕೆ ಬಂದ. ಅವನೂ ಬಾಗಲೂರು ರಸ್ತೆಯಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನು. ಹಿಂದೆ ಕೈ ತೊಳೆಯಲು ಹೋದ, ನಲ್ಲಿ ತಿರುಗಿಸಿದ, ನೀರು ಬರಲಿಲ್ಲ. ಬೋರಿನ ಹತ್ತಿರ ಯಾರೋ ಕಾರಣ ಹೇಳಿದರು. ಅವನು ನಗುತ್ತ ಒಳಗೆ ಬಂದ.

"ಏನ್ ಭಾವ, ನಿನ್ನ ಟ್ಯಾಂಕಿಗೆ ನಿನ್ನ ಬಾಡಿಗೆಯವಳೇ ಬೀಗ ಹಾಕವ್ಳಂತೆ? ಬಾಡಿಗೆ ಅವಳು ಕೊಡ್ತಾಳೋ, ನೀನೇ ಅವಳಿಗೆ ಕೊಡ್ತೀಯೋ?"

ಎಲೆ ಮುಂದೆ ಕೂತ ನೆಂಟನಿಗೆ ಇನ್ನಷ್ಟು ಅನ್ನ ಬಡಿಸಿದೆ. ಅವನು ಬಸ್ಸು ಹತ್ತಿದ ಮೇಲೆ ಏಣಿ ಹಾಕಿ ನಾನೇ ಮೇಲೆ ಹೋದೆ. ವಾಲ್ವ್ ಬಿಗಿಮಾಡಿದೆ. ಇಳಿದು ಬಂದು ಮೋಟಾರು ಹಾಕಿದೆ. ಹಿಂದಿನ ದಿನಗಳಲ್ಲಿ ಬಿಡದೆ ಮಳೆ ಸುರಿದಿತ್ತು. ಗೋಡೆ ಕಪ್ಪಾಗಿತ್ತು. ಅದನ್ನು ನೋಡಿಯೇ ಹಾಕಿದೆ. ಸೊಸೆ ಆ ಹೊತ್ತು ನರ್ಸಮ್ಮನ ಹತ್ತಿರ ತೋರಿಸಿಕೊಳ್ಳಲು ಹೋಗಿದ್ದಳು, ಅವಳಿಲ್ಲದಾಗಲೇ ಆಗಿಹೋಗಲಿ ಎನ್ನುವುದೂ ನನ್ನ ಮನಸ್ಸಿನಲ್ಲಿತ್ತು. ಅತ್ತೆ ಒಳಗಿದ್ದಾಳೆಂದು ಗೊತ್ತಿತ್ತು. ಒಗ್ಗರಣೆಯ ವಾಸನೆ ಬರುತ್ತಿತ್ತು.

ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಅವಳು ಅಡಿಗೆಮನೆಯಿಂದಲೇ ಕೂಗಿದಳು:

"ನೀರು ಬುಟ್ರಾ ತಮ್ಮಯ್ಯ? ಒಳ್ಳೇದಾಯ್ತು ಬುಡಿ. ಹೊತ್ತೂ ಹೊತ್ತೂ ಸೊಂಟ ಬಿದ್ದೋಗಿತ್ತು."

"ಹೂಂ, ಬುಟ್ಟೆ" ಎಂದು ಜಗಲಿಗೆ ಬಂದು ಕೂತೆ.

ಟ್ಯಾಂಕ್ ತುಂಬಿ ಚೆಲ್ಲುವ ಸದ್ದು ಬಂತು. ಮೋಟಾರು ಆರಿಸಲು ಎದ್ದೆ. ಅಷ್ಟರಲ್ಲಿ ಮೂಟೆ ಇಳಿಸಿದಂಥ ಮಂಕು ಸದ್ದು, ಅದರ ಹಿಂದೆಯೇ ಶೀಟು ಒಡೆದ ಸದ್ದು. ಓಡಿದೆ. ಗೋಡೆ ಒಳಕ್ಕೆ ಕುಸಿದಿತ್ತು. ಒಂದು ಚಪ್ಪಡಿ ಒಲೆಯ ಪಕ್ಕಕ್ಕೆ ಓರೆಯಾಗಿ ಬಿದ್ದಿತ್ತು. ಟ್ಯಾಂಕ್ ಹೊರಗಡೆಗೆ ಉರುಳಿತ್ತು, ಅದರಲ್ಲಿದ್ದ ನೀರೆಲ್ಲ ಮಣ್ಣು ಕದಡಿಕೊಂಡು ಮುಂದಿನ ಬಾಗಿಲಿನಿಂದ ಹರಿಯುತ್ತಿತ್ತು. ಅತ್ತೆಯ ಎಡಗಾಲು, ಸೊಂಟದವರೆಗೆ, ಚಪ್ಪಡಿಯ ಕೆಳಗಿತ್ತು. ನಿದ್ದೆಯಲ್ಲಿದ್ದ ಹುಡುಗರು ಬನಿಯನ್ನಿನಲ್ಲೇ ಓಡಿಬಂದು ಎತ್ತಿದರು. ನಾನೂ ಕೈ ಹಾಕಿದೆ.

ಅವಳು ಉಳಿದಳು. ಕಾಲು ಎರಡು ಕಡೆ ಮುರಿದಿತ್ತು, ಸೊಂಟದ ಮೂಳೆ ಬಿರಿದಿತ್ತು. ಹೊಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ ಮಲಗಿಸಿದರು. ಸೊಸೆ ಬಂದು ನೋಡಿದವಳೇ ನೇರವಾಗಿ ಲೈನಿಗೆ ಹೋಗಿ ಎಲ್ಲರನ್ನೂ ಕರೆದುಕೊಂಡು ಪಂಚಾಯಿತಿ ಅಧ್ಯಕ್ಷರ ಮನೆಯ ಮುಂದೆ ಕೂತಳು.

ಯಾರೂ ಮನೆ ಖಾಲಿ ಮಾಡುವುದಿಲ್ಲ ಎಂಬುದು ಅವರ ಮೊದಲ ಮಾತು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಹೆದರಿ ಹೋಗಿಬಿಡುತ್ತಾರೆ, ಹೊಸಬರು ಬರುತ್ತಾರೆ ಎಂದುಕೊಂಡಿದ್ದೆ. "ನಾವು ಹೋದ್ರೆ ಇನ್ಯಾರೋ ಬತ್ತಾರೆ, ಅವರ ಮ್ಯಾಲೆ ಬೀಳ್ತದೆ" ಎಂದಳು ಆಕೆ. ಹಿಂದಿನ ಗೋಡೆ ಪೂರ್ತಿ ಬಿಚ್ಚಿ ಸಿಮೆಂಟಿನಲ್ಲಿ ಕಟ್ಟಬೇಕು. ಟ್ಯಾಂಕಿಗೆ ಬೇರೆಯೇ ಕಂಬ ನಿಲ್ಲಬೇಕು. ಆಸ್ಪತ್ರೆಯ ಖರ್ಚು ಓನರಿನದು. ಕಟ್ಟುವಷ್ಟು ದಿನ ಮೂರನೇ ಮನೆಯವರಿಗೆ ಇರಲು ಜಾಗ ಕೊಡಬೇಕು.

ಅಧ್ಯಕ್ಷರ ಪಕ್ಕದಲ್ಲಿ ಅದೇ ಗುಮಾಸ್ತ ನಿಂತಿದ್ದ. ಅವನು, ಆ ದಿನ ಈಕೆ ತೇವ ಎಂದಷ್ಟೇ ಹೇಳಿದ್ದಳು ಎಂದು ಅಧ್ಯಕ್ಷರಿಗೆ ಹೇಳಿದ. ಹುಡುಗಿ ಅವನ ಕಡೆ ತಿರುಗಿ, ನನ್ನತ್ತ ಬೆರಳು ಮಾಡಿ, ಹೂ ಮಾರುವವಳಿಂದ ಕಲಿತ ತಮಿಳಿನಲ್ಲಿ ಹೇಳಿದಳು: "ಅನ್ನೈಕ್ಕು ಇವರ್ ತಪ್ಪಾ ಸೊನ್ನಾರ್." ಅವತ್ತು ಇವರು ತಪ್ಪಾಗಿ ಹೇಳಿದರು.

ಗುಮಾಸ್ತ ನನ್ನನ್ನು ನೋಡಿದ. ಅಧ್ಯಕ್ಷರು ನೋಡಿದರು. ಜಗಲಿಯ ಕೆಳಗೆ ನನ್ನ ಹೆಂಡತಿಯೂ ನಿಂತಿದ್ದಳು, ಅವಳು ನೋಡಲಿಲ್ಲ, ನೆಲ ನೋಡುತ್ತಿದ್ದಳು. ಹೌದು ಎಂದೆ. ಅಧ್ಯಕ್ಷರು ಹೇಳಿದ ಮೇಲೆ ಆ ಹುಡುಗಿಗೆ ಕೈ ಮುಗಿದು, ತಪ್ಪಾಯ್ತಮ್ಮ ಎಂದೆ. ಅವಳು, "ನಂಗಲ್ಲ, ಆಸ್ಪತ್ರೆಲಿ ಮಲಗವ್ರಲ್ಲ ಅವರ್ಗೆ ಹೇಳಿ" ಎಂದಳು.

ಕಟ್ಟಿಸಿಕೊಟ್ಟೆ. ಬಸುರಿ ಇರುವಾಗಲೇ ಹಾರೆ ಬಿತ್ತು, ಗೋಡೆ ಬಿಚ್ಚಿತು, ಹೊಸದು ಎದ್ದಿತು. ಅಷ್ಟು ದಿನ ಅವರು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು, ನನ್ನ ಹೆಂಡತಿ ಕರೆದು ಇರಿಸಿಕೊಂಡಳು. ಏನೂ ಕೆಡುಕಾಗಲಿಲ್ಲ. ಹೆಣ್ಣು ಮಗು ಹುಟ್ಟಿತು. ಬಾಣಂತನವನ್ನು ಅತ್ತೆ ಮಾಡಲಾಗಲಿಲ್ಲ, ನನ್ನ ಹೆಂಡತಿಯೂ ಎರಡನೇ ಮನೆಯವಳೂ ಮಾಡಿದರು.

ಬಹಳ ವರ್ಷದ ಮೇಲೆ ಬೇರೇನೋ ಕೆಲಸಕ್ಕೆ ವಕೀಲರೊಬ್ಬರ ಹತ್ತಿರ ಹೋದಾಗ ಮಾತಿಗೆ ಕೇಳಿದೆ. ಮನೆ ರಿಪೇರಿ ಮಾಡಿಸದ ಓನರಿನ ಮೇಲೆ ಬಾಡಿಗೆಯವರು ಅರ್ಜಿ ಹಾಕಲು ಆಗಲೂ ಕಾನೂನಿತ್ತು, ನೀರು ಕರೆಂಟು ತಡೆದವರ ಮೇಲೂ ಹಾಕಬಹುದಿತ್ತು ಎಂದರು. ನಾನು ಹತ್ತನೇ ತರಗತಿ ಓದಿದವನು, ಕಾನೂನು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದು. ಗೋಡೆ ಗೊತ್ತಿತ್ತಲ್ಲ. ಅದಕ್ಕೆ ಓದು ಬೇಕಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಇದು ಇಷ್ಟು ವರ್ಷ ನನ್ನನ್ನು ತಿನ್ನುತ್ತಿರಲಿಲ್ಲ. ಮಿಕ್ಕದ್ದು ಯಾರಿಗೂ ಗೊತ್ತಿಲ್ಲ.

ಅಧ್ಯಕ್ಷರ ಮನೆಯ ಮುಂದೆ ಕೈ ಮುಗಿದ ಮರುದಿನ ಆಸ್ಪತ್ರೆಗೆ ಹೋದೆ. ಹೇಳಬೇಕೆಂದೇ ಹೋದೆ. ಜೊತೆಗೆ ಮೋಸಂಬಿ ಒಯ್ದಿದ್ದೆ. ಸೊಸೆ ಔಷಧಿ ತರಲು ಹೋಗಿದ್ದಳು. ಅತ್ತೆ ನನ್ನನ್ನು ಕಂಡು ಮೇಲೇಳಲು ನೋಡಿದಳು, ಆಗಲಿಲ್ಲ. ಸುತ್ತ ನೋಡಿ, ಹತ್ತಿರ ಬಾ ಎಂದು ಕೈಸನ್ನೆ ಮಾಡಿದಳು.

"ತಮ್ಮಯ್ಯ, ಯಾರ್ಗೂ ಹೇಳ್ಬ್ಯಾಡಿ. ನಾನೊಂದು ತಪ್ಪು ಮಾಡ್ಬುಟ್ಟಿವ್ನಿ."

"ಏನದು?"

"ಆ ಗೋಡೆಗೆ ಒಂದು ಮೊಳೆ ಹೊಡ್ದಿದ್ದೆ. ಮಾದಪ್ಪನ ಪಟ ತಂದಿದ್ನಲ್ಲ, ತಗಲಾಕಕ್ಕೆ. ಒಲೆ ಎದ್ರಿಗೇ ಇರ್ಲಿ ಅಂತ. ನೀವು ಅಷ್ಟು ಹೇಳಿದ್ರಿ, ಬಸ್ರಿ ಇರೋ ಮನೆ ಗೋಡೆ ಮುಟ್ಬಾರ್ದು ಅಂತ. ನಾನೇ ಸೊಸೆ ಬಾಯ್ ಮುಚ್ಚಿಸಿ, ನಾನೇ ಸುತ್ಗೆ ತಕಂಡು ಹೊಡ್ದೆ. ಅದ್ಕೇ ಬಿತ್ತಲ್ವಾ ತಮ್ಮಯ್ಯ?"

ಬಾಯಿ ತೆರೆದೆ. ಇಲ್ಲ ತಾಯಿ, ಮಣ್ಣಿನಲ್ಲಿ ಕಟ್ಟಿಸಿದ್ದು ನಾನು, ನೀರು ತುಂಬಿಸಿದ್ದು ನಾನು, ಶಾಸ್ತ್ರ ಹೇಳಿದ್ದು ನನ್ನ ಅನುಕೂಲಕ್ಕೆ ಎನ್ನಬೇಕಿತ್ತು. ಅಷ್ಟನ್ನು ಹೇಳಲೆಂದೇ ಎರಡು ಬಸ್ಸು ಹತ್ತಿಳಿದು ಹೋಗಿದ್ದೆ. ಅವಳ ಮುಖ ನೋಡಿದೆ. ನನ್ನ ಮೇಲೆ ಆ ಲೈನಿನಲ್ಲಿ ಇನ್ನೂ ಗೌರವ ಇಟ್ಟುಕೊಂಡಿದ್ದ ಒಂದೇ ಮುಖ ಅದು.

"ಇರಬಹುದೇನೋ" ಎಂದೆ. "ಹೋಗ್ಲಿ ಬಿಡಿ, ಆಗಿದ್ದು ಆಯ್ತು."

ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮೋಸಂಬಿ ಇಟ್ಟು ಬಂದೆ.

ಅವರು ಅದಾದ ಮೇಲೂ ನಮ್ಮಲ್ಲಿ ಇದ್ದರು, ಮಗು ಅಂಗನವಾಡಿಗೆ ಹೋಗುವಷ್ಟಾಗುವ ತನಕ. ಅಜ್ಜಿ ಕೋಲು ಹಿಡಿದು ಬಾಗಿಲಿಗೆ ಬಂದು ಕೂರುತ್ತಿದ್ದಳು. ಮೊಮ್ಮಗಳು ಓಡಿದರೆ ಹಿಂದೆ ಹೋಗಲಾಗುತ್ತಿರಲಿಲ್ಲ, ಕೂಗುತ್ತಿದ್ದಳು. ಹೊಸ ಗೋಡೆಗೆ ಪಟ ತಗಲಿಸಲಿಲ್ಲ. ಸೊಸೆ ಎಷ್ಟು ಹೇಳಿದರೂ ಮಾದಪ್ಪನನ್ನು ಟ್ರಂಕಿನ ಮೇಲೆ ಒರಗಿಸಿಯೇ ಪೂಜೆ ಮಾಡಿದಳು. ನಾನು ಆ ಕಡೆ ಹೋದಾಗ ಯಾರೂ ಇಲ್ಲದಿದ್ದರೆ ತಗ್ಗಿದ ದನಿಯಲ್ಲಿ, "ನನ್ನಿಂದ ನಿಮ್ಗೆ ಎಷ್ಟ್ ನಷ್ಟ ಆಯ್ತು ತಮ್ಮಯ್ಯ" ಎನ್ನುತ್ತಿದ್ದಳು. ಇರಲಿ ಬಿಡಿ ಎನ್ನುತ್ತಿದ್ದೆ. ಅವಳು ಕೇಳಿದ ಕ್ಷಮೆಯನ್ನು ನಾನು ಅಷ್ಟೂ ಸಲ ಕೊಟ್ಟಿದ್ದೇನೆ.

ಆಮೇಲೆ ಅಜ್ಜಿಯ ಮಗನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿ ಅವರು ಹೋದರು. ಲಾರಿಯ ಮುಂದಿನ ಸೀಟಿಗೆ ಅಜ್ಜಿಯನ್ನು ಹುಡುಗರು ಎತ್ತಿ ಕೂರಿಸಿದರು. ಅವಳು ಇದ್ದಾಳೋ ಇಲ್ಲವೋ ತಿಳಿಯದು. ಇದನ್ನು ಓದಿದ ಮೇಲೆ ನನ್ನ ಮಗ ನನ್ನನ್ನು ಮಳವಳ್ಳಿ ಕಡೆಗೆ, ಅಲ್ಲಿಲ್ಲದಿದ್ದರೆ ಮೈಸೂರಿಗೆ, ಕರೆದುಕೊಂಡು ಹೋಗಬೇಕು. ಅವನು ಬರದಿದ್ದರೆ ಒಬ್ಬನೇ ಹೋಗುತ್ತೇನೆ. ಅವಳಿಲ್ಲದಿದ್ದರೆ ಸೊಸೆ ಇರುತ್ತಾಳೆ, ಆ ಮಗು ಇರುತ್ತದೆ. ಹಜಾರದಲ್ಲಿ ಎಲ್ಲರೂ ಕೇಳುವ ಹಾಗೆ ನಿಂತು ಹೇಳುತ್ತೇನೆ, ಆ ಗೋಡೆ ಮೊಳೆಯಿಂದ ಬೀಳಲಿಲ್ಲ ಎಂದು.

ಸೊಸೆಗೆ ಕೈ ಮುಗಿದಿದ್ದೆ, ಅದೂ ನಾಲ್ಕು ಜನರ ಮುಂದೆ, ಬೇರೆ ದಾರಿಯಿಲ್ಲದೆ. ಗುಮಾಸ್ತನ ಮುಂದೆ ನಿಜ ಒಪ್ಪಿಕೊಂಡಿದ್ದೆ. ಹೆಂಡತಿ ಸಾಯುವ ಮುಂಚೆ ಅವಳ ಹತ್ತಿರವೂ ಕೆಲವನ್ನು ಹೇಳಿಕೊಂಡೆ. ನಾನು ಒಂದು ಸಲವೂ ಕ್ಷಮೆ ಕೇಳದೆ ಉಳಿದದ್ದು ಮೂರನೇ ಮನೆಯ ಅತ್ತೆಯನ್ನು, ನನ್ನ ಮಾತನ್ನು ನಂಬಿ ನನ್ನನ್ನು ತಮ್ಮಯ್ಯ ಎಂದು ಕರೆದ ಆ ಮಳವಳ್ಳಿಯ ಅಜ್ಜಿಯನ್ನು.